ಬೋರ್ಡು ಬರೆಸುವ ಮುಂಚೆ: ಮೊದಲ ಸಲ ವ್ಯಾಪಾರಕ್ಕೆ ಇಳಿಯುವವರಿಗೆ

ಮೊದಲ ಸಲ ವ್ಯಾಪಾರಕ್ಕೆ ಕೈ ಹಾಕುವವರು ಹೆಚ್ಚಾಗಿ ಒಂದೇ ಕ್ರಮದಲ್ಲಿ ಹಣ ಖರ್ಚು ಮಾಡುತ್ತಾರೆ. ಮೊದಲು ಜಾಗಕ್ಕೆ ಅಡ್ವಾನ್ಸು, ಆಮೇಲೆ ಬಣ್ಣ, ಕಪಾಟು, ಬೋರ್ಡು, ಲೋಗೊ, ವಿಸಿಟಿಂಗ್ ಕಾರ್ಡು, ವೆಬ್‌ಸೈಟು, ಅದಾದ ಮೇಲೆ ರಾಶಿ ಸರಕು. ಗಿರಾಕಿಯ ಸರದಿ ಬರುವುದು ಕಟ್ಟಕಡೆಗೆ. ಅಷ್ಟು ಹೊತ್ತಿಗೆ ಕೈಯಲ್ಲಿದ್ದ ಹಣದ ಬಹುಪಾಲು ಗೋಡೆಗೂ ಕಪಾಟಿಗೂ ಅಂಟಿಕೊಂಡಿರುತ್ತದೆ. ಮಾಲು ಬದಲಿಸಬೇಕು, ಬೆಲೆ ಬದಲಿಸಬೇಕು, ಜಾಗವೇ ತಪ್ಪಾಯಿತು ಎಂದು ಗೊತ್ತಾಗುವ ದಿನ ಬದಲಿಸುವುದಕ್ಕೆ ಏನೂ ಉಳಿದಿರುವುದಿಲ್ಲ.

ಈ ಕ್ರಮವನ್ನು ತಿರುಗಿಸಿ ಹಾಕಬೇಕು. ಮೊದಲು ಗಿರಾಕಿ, ಆಮೇಲೆ ಲೆಕ್ಕ, ಆಮೇಲೆ ಸರಕು, ಕೊನೆಗೆ ಬೋರ್ಡು. ಮೊದಲ ವರ್ಷ ನಿಮ್ಮ ಅಂದಾಜುಗಳಲ್ಲಿ ಹಲವು ತಪ್ಪುತ್ತವೆ. ಎಷ್ಟೇ ಜಾಣರಾದರೂ ತಪ್ಪುತ್ತವೆ. ತಪ್ಪಿದಾಗ ತಿದ್ದಿಕೊಳ್ಳಲು ನಗದು ಇದ್ದವರು ಉಳಿಯುತ್ತಾರೆ. ಮುಂದೆ ಬರುವ ಸಲಹೆಗಳೆಲ್ಲ ಆ ನಗದನ್ನು ಕಾಯುವುದಕ್ಕಾಗಿಯೇ ಇವೆ.

ಉದಾಹರಣೆಗೆ ಉದ್ದಕ್ಕೂ ಒಂದೇ ವ್ಯಾಪಾರ ಇಟ್ಟುಕೊಳ್ಳೋಣ: ಜಿಪ್ ಇರುವ ಬಟ್ಟೆಯ ಚೀಲ ಹೊಲಿದು ಮಾರುವುದು. ಅಂಕಿಗಳು ಲೆಕ್ಕ ಅರ್ಥವಾಗಲೆಂದು ಇಟ್ಟುಕೊಂಡವು. ಯಾವ ದೇಶದ ಹಣ ಎಂದುಕೊಂಡರೂ ಲೆಕ್ಕ ಬದಲಾಗುವುದಿಲ್ಲ. ನಿಮ್ಮದು ರಿಪೇರಿಯಾಗಿರಲಿ, ಪಾಠ ಹೇಳುವುದಾಗಿರಲಿ, ಸಾಫ್ಟ್‌ವೇರ್ ಆಗಿರಲಿ, ಹೆಸರು ಬದಲಿಸಿಕೊಂಡು ಇದೇ ಲೆಕ್ಕ ಹಾಕಿ.

ಗಿರಾಕಿಯನ್ನು ಕೇಳುವುದು ಹೇಗೆ

"ನನ್ನ ಐಡಿಯಾ ಹೇಗಿದೆ?" ಎಂದು ಗೆಳೆಯರನ್ನು ಕೇಳಬೇಡಿ. ಚೆನ್ನಾಗಿದೆ ಅನ್ನುತ್ತಾರೆ, ಏಕೆಂದರೆ ನೀವು ಅವರಿಗೆ ಬೇಕಾದವರು. "ಇಂಥ ಚೀಲ ಬಂದರೆ ಕೊಳ್ಳುತ್ತೀರಾ?" ಎಂಬ ಪ್ರಶ್ನೆಯೂ ಕೆಲಸಕ್ಕೆ ಬಾರದು. ನಾಳೆ ಏನು ಮಾಡುತ್ತೇನೆಂದು ಹೇಳುವುದು ಯಾರಿಗೂ ಸುಲಭ, ಅದಕ್ಕೆ ಜೇಬು ಮುಟ್ಟಬೇಕಾಗಿಲ್ಲ. ನಿನ್ನೆ ಏನು ಮಾಡಿದಿರಿ ಎಂದು ಕೇಳಿ.

"ಈಗ ಬಳಸುತ್ತಿರೋ ಚೀಲ ಯಾವಾಗ ತಗೊಂಡಿದ್ದು?"
"ಹೋದ ವರ್ಷ."
"ಬಾಳಿಕೆ ಬಂತಾ?"
"ಮೂರು ತಿಂಗಳಿಗೇ ಜಿಪ್ ಕಿತ್ತುಹೋಯ್ತು."
"ಆಮೇಲೆ ಏನು ಮಾಡಿದ್ರಿ?"
"ಪಿನ್ನು ಹಾಕ್ಕೊಂಡು ಓಡಾಡ್ತಿದ್ದೀನಿ."

ಇಲ್ಲಿಗೆ ನಿಲ್ಲಿಸಿದರೆ "ಜಿಪ್ ಗಟ್ಟಿಯಿರುವ ಚೀಲಕ್ಕೆ ಬೇಡಿಕೆ ಇದೆ" ಎಂದು ಬರೆದುಕೊಳ್ಳುವ ಆಸೆಯಾಗುತ್ತದೆ. ನಿಧಾನಿಸಿ ನೋಡಿ. ಈ ವ್ಯಕ್ತಿ ತಿಂಗಳುಗಟ್ಟಲೆ ಪಿನ್ನಿನಲ್ಲಿ ದಿನ ದೂಡಿದ್ದಾರೆ. ತೊಂದರೆ ಇದೆ, ನಿಜ. ಅದಕ್ಕೆ ಹಣ ಬಿಚ್ಚುವಷ್ಟು ತೊಂದರೆ ಅವರಿಗಿಲ್ಲ. ಇನ್ನೊಬ್ಬರು "ಎರಡು ಸಲ ರಿಪೇರಿ ಮಾಡಿಸಿದೆ, ಸರಿಹೋಗಲಿಲ್ಲ, ಹೊಸದು ತಗೊಂಡೆ, ಅದೂ ಹೋಯ್ತು" ಅನ್ನುತ್ತಾರೆ. ನಿಮ್ಮ ಗಿರಾಕಿ ಇವರು. ಒಂದೇ ತೊಂದರೆಗೆ ಆಗಲೇ ಮೂರು ಸಲ ದುಡ್ಡು ಕೊಟ್ಟಿದ್ದಾರೆ. ಇಂಥವರು ಯಾವ ಕೆಲಸದಲ್ಲಿದ್ದಾರೆ, ಚೀಲದಲ್ಲಿ ಏನು ಹೊರುತ್ತಾರೆ, ಎಲ್ಲಿ ಕೊಳ್ಳುತ್ತಾರೆ, ಎಷ್ಟು ಕೊಟ್ಟರು ಎಂಬುದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಮುಂದೆ ನಿಮ್ಮ ಜಾಹೀರಾತಿಗೆ ಬೇಕಾದ ವಾಕ್ಯಗಳು ಆ ಟಿಪ್ಪಣಿಯಲ್ಲೇ ಸಿಗುತ್ತವೆ.

15ರಿಂದ 20 ಜನರನ್ನು ಹೀಗೆ ಮಾತನಾಡಿಸಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಿಮಗೆ ಪರಿಚಯ ಇಲ್ಲದವರಾಗಿರಬೇಕು. ಅಷ್ಟರಲ್ಲಿ ಒಂದೇ ಉತ್ತರ ಮತ್ತೆ ಮತ್ತೆ ಕಿವಿಗೆ ಬೀಳತೊಡಗುತ್ತದೆ. ಹಾಗೆ ಬೀಳದಿದ್ದರೆ ನೀವು ಬೇರೆ ಬೇರೆ ಬಗೆಯ ಜನರನ್ನು ಕಲಸಿ ಕೇಳಿದ್ದೀರಿ. ಒಂದು ಗುಂಪನ್ನು ಆರಿಸಿಕೊಂಡು ಮತ್ತೆ ಕೇಳಿ.

ಮಾತಿನ ನಂತರ ಮಾಲು. ಹತ್ತೇ ಚೀಲ ಹೊಲಿಯಿರಿ, ಅಥವಾ ಹೊಲಿಸಿ. ಯಂತ್ರ ಕೊಳ್ಳಬೇಡಿ, ಬಾಡಿಗೆಗೆ ಸಿಕ್ಕರೆ ಸಾಕು. ಪುಕ್ಕಟೆ ಹಂಚಬೇಡಿ. ಪುಕ್ಕಟೆ ಪಡೆದವರು ಹೊಗಳುತ್ತಾರೆ, ಆ ಹೊಗಳಿಕೆಯಿಂದ ನಿಮಗೆ ತಿಳಿಯುವುದು ಏನೂ ಇಲ್ಲ. ಮುಂದೆ ಯಾವ ಬೆಲೆಗೆ ಮಾರಬೇಕೆಂದಿದ್ದೀರೋ ಅದೇ ಪೂರ್ತಿ ಬೆಲೆಗೆ ಅಪರಿಚಿತರ ಮುಂದೆ ಇಡಿ. ಕೊಳ್ಳಲಿಲ್ಲವಾದರೆ "ಯಾಕೆ ಬೇಡ ಅನ್ನಿಸಿತು?" ಎಂದು ಒಂದೇ ಪ್ರಶ್ನೆ ಕೇಳಿ ಸುಮ್ಮನಾಗಿ. ವಾದ ಮಾಡಿದರೆ ಅವರು ನಿಜ ಹೇಳುವುದನ್ನು ನಿಲ್ಲಿಸುತ್ತಾರೆ. ಆರು ವಾರ ಬಿಟ್ಟು ಕೊಂಡವರನ್ನು ಮತ್ತೆ ಭೇಟಿ ಮಾಡಿ: ಚೀಲ ಎಲ್ಲಿದೆ? ಬಳಸುತ್ತಿದ್ದಾರಾ? ಇನ್ನೊಂದು ಕೇಳಿದರಾ, ಬೇರೆಯವರಿಗೆ ಹೇಳಿದರಾ? ಎರಡನೆಯ ಸಲ ತಾವಾಗಿ ಬಂದ ಒಬ್ಬ ಗಿರಾಕಿಯ ಮಾತಿಗೆ ಮೊದಲ ಸಲ ಹೊಗಳಿದ ಹತ್ತು ಜನರ ಮಾತಿಗಿಂತ ತೂಕ ಹೆಚ್ಚು.

ಒಂದು ಚೀಲಕ್ಕೆ ಬೀಳುವ ನಿಜವಾದ ಅಸಲು

ಹೊಸಬರ ಲೆಕ್ಕ ಹೆಚ್ಚಾಗಿ ಬಟ್ಟೆ ಮತ್ತು ಕೂಲಿಗೆ ಮುಗಿಯುತ್ತದೆ. ಪೂರ್ತಿ ಬರೆಯಿರಿ. ಬಟ್ಟೆ 24, ಅಸ್ತರು 7, ಜಿಪ್ ಮತ್ತು ರನ್ನರ್ 6, ದಾರ 1, ಹೊಲಿಗೆ ಕೂಲಿ 14. ಒಟ್ಟು 52. ಬಟ್ಟೆಯ ಲೆಕ್ಕ ಹಾಕುವಾಗ ಚೀಲದ ಅಳತೆಯನ್ನಷ್ಟೇ ಹಿಡಿಯಬೇಡಿ. ಕತ್ತರಿಸಿದಾಗ ಅಂಚಿನಲ್ಲಿ ಉಳಿಯುವ ಚೂರಿಗೂ ನೀವು ಹಣ ಕೊಟ್ಟಿದ್ದೀರಿ. ಇಡೀ ಥಾನಿನಲ್ಲಿ ಎಷ್ಟು ಚೀಲ ಬಂತೋ ಅದರಿಂದ ಥಾನಿನ ಬೆಲೆಯನ್ನು ಭಾಗಿಸಿ.

ಇನ್ನು, 100 ಹೊಲಿದರೆ 100 ಮಾರುವಂತಿರುವುದಿಲ್ಲ. ನಾಲ್ಕು ಕೆಟ್ಟವು ಎಂದುಕೊಳ್ಳಿ: ಹೊಲಿಗೆ ವಾರೆ, ಜಿಪ್ ಬಿಗಿ, ಬಟ್ಟೆಯಲ್ಲಿ ಕಲೆ. 5,200 ಖರ್ಚನ್ನು 96 ಚೀಲ ಹೊರಬೇಕು. ಅಂದರೆ ಒಂದಕ್ಕೆ 52 ಇದ್ದದ್ದು 54 ದಾಟಿತು. ಅದರ ಮೇಲೆ ಲೇಬಲ್ಲು-ಕವರು 2, ಸಾಗಣೆ 2, ಹಣ ಪಾವತಿಯ ಕಮಿಷನ್ 2. ಒಟ್ಟು ಸುಮಾರು 60. ಮಾರುವ ಬೆಲೆ 100 ಆದರೆ ಒಂದು ಚೀಲದಿಂದ ಕೈಗೆ ಉಳಿಯುವುದು 40.

ಈ 40 ಇನ್ನೂ ಲಾಭ ಆಗಿಲ್ಲ. ಒಂದು ಚೀಲ ಮಾರದಿದ್ದರೂ ತಿಂಗಳಿಗೆ ಹೋಗುವ ಖರ್ಚು ಬೇರೆ ಇದೆ. ಬಾಡಿಗೆ 6,000, ಯಂತ್ರದ ಕಂತು 2,500, ಕರೆಂಟು-ಫೋನು 1,500, ರಿಪೇರಿಗೆ ತೆಗೆದಿಡುವುದು 1,000, ನಿಮ್ಮ ಸಂಬಳ 9,000. ಒಟ್ಟು 20,000. ನಿಮ್ಮ ಸಂಬಳ ಯಾಕೆ ಎನ್ನಬೇಡಿ. ಅದನ್ನು ಬರೆಯದೆ ಹಾಕಿದ ಲೆಕ್ಕದಲ್ಲಿ ಕಾಣುವ ಲಾಭ ನಿಮ್ಮ ಬಿಟ್ಟಿ ದುಡಿಮೆಯದು. ಒಂದು ದಿನ ನಿಮಗೆ ಜ್ವರ ಬಂದು ಆ ಕೆಲಸಕ್ಕೆ ಬೇರೊಬ್ಬರನ್ನು ಕೂರಿಸಿದಾಗ ಆ ಲಾಭ ಮಾಯವಾಗುತ್ತದೆ.

20,000ವನ್ನು 40ರಿಂದ ಭಾಗಿಸಿದರೆ 500. ತಿಂಗಳಿಗೆ 500 ಚೀಲ ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ತಿಂಗಳಿಗೆ 25 ದಿನ ಕೆಲಸ ಎಂದರೆ ದಿನಕ್ಕೆ 20.

ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ಇನ್ನೊಂದು ಪ್ರಶ್ನೆ ಬಾಕಿ ಇದೆ: ದಿನಕ್ಕೆ 20 ಚೀಲ ಹೊಲಿಯಲು ಆಗುತ್ತದೆಯೆ? ಒಂದು ಯಂತ್ರ, ಒಬ್ಬರು ಹೊಲಿಯುವವರು, ದಿನಕ್ಕೆ 12 ಚೀಲ ಎಂದಿಟ್ಟುಕೊಳ್ಳಿ. ತಿಂಗಳಿಗೆ 300. ಒಂದೂ ಉಳಿಯದಂತೆ ಎಲ್ಲ ಮಾರಿದರೂ 12,000 ಬಂತು, 8,000 ಕೈಯಿಂದ ಹೋಯಿತು. ಗಿರಾಕಿ ಇದ್ದಾರೆ, ಮಾಲು ಚೆನ್ನಾಗಿದೆ, ದಿನವಿಡೀ ಯಂತ್ರ ಓಡುತ್ತಿದೆ, ಆದರೂ ಪ್ರತಿ ತಿಂಗಳು ನಷ್ಟ. ಇಂಥ ವ್ಯಾಪಾರಕ್ಕೆ ಇಳಿದವರು ಇನ್ನೂ ಹೆಚ್ಚು ದುಡಿಯಬೇಕೇನೋ ಎಂದುಕೊಂಡು ಸೊರಗಿಹೋಗುತ್ತಾರೆ. ತಪ್ಪು ಅವರ ದುಡಿಮೆಯಲ್ಲಿಲ್ಲ, ಲೆಕ್ಕದ ರಚನೆಯಲ್ಲಿದೆ.

ಅದೇ ಲೆಕ್ಕವನ್ನು ಮನೆಯ ಒಂದು ಕೋಣೆಯಲ್ಲಿ, ಇರುವ ಉದ್ಯೋಗ ಬಿಡದೆ, ಹಾಕಿ ನೋಡಿ. ಬಾಡಿಗೆ 6,000 ಹೋಯಿತು. ಬೇರೆ ಕಡೆ ಸಂಬಳ ಬರುತ್ತಿರುವುದರಿಂದ 9,000ವನ್ನೂ ಸದ್ಯಕ್ಕೆ ಬಿಡಬಹುದು. ಉಳಿದದ್ದು 5,000. ಈಗ ಬೇಕಾಗಿರುವುದು ತಿಂಗಳಿಗೆ 125 ಚೀಲ, ದಿನಕ್ಕೆ 5. ಒಂದು ಯಂತ್ರ ಧಾರಾಳವಾಗಿ ಸಾಕು. ಹೀಗೆ ನಡೆಸುತ್ತಾ 500ರ ಬೇಡಿಕೆ ಕಂಡ ಮೇಲೆ ಎರಡನೆಯ ಯಂತ್ರ, ಆಮೇಲೆ ಜಾಗ. ಬಿಟ್ಟಿರುವ ಸಂಬಳವನ್ನು ಮಾತ್ರ ಪುಸ್ತಕದಲ್ಲಿ ಪ್ರತಿ ತಿಂಗಳೂ ಬರೆಯುತ್ತಿರಿ. ಉದ್ಯೋಗ ಬಿಡುವ ದಿನ ಅದನ್ನು ವ್ಯಾಪಾರವೇ ಹೊರಬೇಕು.

ಬೆಲೆ

60ರ ಅಸಲಿನ ಮೇಲೆ "ಶೇ. 40 ಲಾಭ" ಇಡಬೇಕೆಂದು ಹೊರಟವರು 60ಕ್ಕೆ ಅದರ ಶೇ. 40 ಅಂದರೆ 24 ಸೇರಿಸಿ 84ಕ್ಕೆ ಮಾರುತ್ತಾರೆ. ಮಾರಾಟ ಬೆಲೆಯ ಶೇ. 40 ಉಳಿಯಬೇಕಿದ್ದರೆ ಬೆಲೆ 100 ಇರಬೇಕು. ಅಸಲಿನ ಮೇಲಿನ ಶೇಕಡ ಬೇರೆ, ಮಾರಾಟದ ಮೇಲಿನ ಶೇಕಡ ಬೇರೆ. ಈ ಒಂದು ಗೊಂದಲದಿಂದ 500ರ ಬದಲು 834 ಚೀಲ ಮಾರಬೇಕಾಗುತ್ತದೆ. ಮಾತುಕತೆಯಲ್ಲಿ ಯಾರಾದರೂ ಶೇಕಡ ಹೇಳಿದರೆ "ಯಾವುದರ ಮೇಲೆ?" ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಿ.

ರಿಯಾಯಿತಿಯೂ ಹೀಗೆಯೇ ಕಣ್ಣು ಕಟ್ಟುತ್ತದೆ. ಶೇ. 10 ಬಿಟ್ಟರೆ ಬೆಲೆ 90, ಅಸಲು ಅದೇ 60, ಉಳಿಯುವುದು 30. ಸಮಸಮ ಆಗಲು 500ರ ಬದಲು 667 ಚೀಲ ಬೇಕು. ಬೆಲೆಯಲ್ಲಿ ಹತ್ತನೆಯ ಒಂದು ಪಾಲು ಬಿಟ್ಟದ್ದಕ್ಕೆ ಮೂರನೆಯ ಒಂದು ಪಾಲು ಹೆಚ್ಚು ದುಡಿಮೆ. ಅದೇ ಬೆಲೆಯನ್ನು 110 ಮಾಡಿದರೆ ಉಳಿಯುವುದು 50, ಬೇಕಾಗುವುದು 400 ಚೀಲ. ಗಿರಾಕಿಗಳಲ್ಲಿ ಐದರಲ್ಲೊಬ್ಬರು ಬಿಟ್ಟುಹೋದರೂ ನೀವು ಇದ್ದಲ್ಲೇ ಇರುತ್ತೀರಿ. ಹೊಸಬರು ಅಂಜಿ ಕಡಿಮೆ ಬೆಲೆ ಹಿಡಿಯುತ್ತಾರೆ, ಆಮೇಲೆ ಏರಿಸಲು ಇನ್ನೂ ಅಂಜುತ್ತಾರೆ. ಕಡಿಮೆ ಬೆಲೆಗಾಗಿ ಬಂದವರು ಇನ್ನೂ ಕಡಿಮೆ ಬೆಲೆ ಕಂಡಲ್ಲಿಗೆ ಹೋಗುತ್ತಾರೆ ಎಂಬುದನ್ನು ನೆನಪಿನಲ್ಲಿಡಿ. ಚೌಕಾಸಿಗೆ ಏನಾದರೂ ಕೊಡಲೇಬೇಕಾಗಿ ಬಂದರೆ ಬೆಲೆ ಇಳಿಸುವ ಬದಲು ಅಸಲು ಕಡಿಮೆಯಿರುವ ಏನನ್ನಾದರೂ ಸೇರಿಸಿ: ಒಂದು ವರ್ಷ ಜಿಪ್ ರಿಪೇರಿ ಉಚಿತ ಅನ್ನಿ. ಜಿಪ್ಪಿನ ಅಸಲು 6. ಗಟ್ಟಿ ಜಿಪ್ ಹಾಕಿದ್ದರೆ ರಿಪೇರಿಗೆ ಬರುವವರೂ ಕಡಿಮೆ, ಮತ್ತು ಗಿರಾಕಿಗೆ ಬೇಕಾಗಿದ್ದದ್ದೂ ಅದೇ.

ಲಾಭ ಇದ್ದೂ ನಗದು ಇಲ್ಲ

ಪುಸ್ತಕದಲ್ಲಿ ಲಾಭ ಕಾಣುತ್ತಿದ್ದರೂ ಸಂಬಳ ಕೊಡಲು ಹಣ ಇಲ್ಲದಿರುವ ಸ್ಥಿತಿ ಬೆಳೆಯುತ್ತಿರುವ ವ್ಯಾಪಾರಕ್ಕೇ ಹೆಚ್ಚಾಗಿ ಬರುತ್ತದೆ. ಕಾರಣ ದಿನಗಳ ಲೆಕ್ಕದಲ್ಲಿದೆ. ಬಟ್ಟೆ ಕೊಂಡು ಚೀಲವಾಗಿ ಮಾರಾಟವಾಗುವವರೆಗೆ 30 ದಿನ ಗೋದಾಮಿನಲ್ಲಿ ಕೂರುತ್ತದೆ ಎಂದುಕೊಳ್ಳಿ. ಉದ್ರಿ ಕೊಂಡ ಗಿರಾಕಿ 45 ದಿನಕ್ಕೆ ಹಣ ಕೊಡುತ್ತಾರೆ. ನಿಮಗೆ ಮಾಲು ಕೊಡುವವರು ಕಾಯುವುದು 15 ದಿನ. 30 ಮತ್ತು 45 ಕೂಡಿ 75, ಅದರಲ್ಲಿ 15 ಕಳೆದರೆ 60. ಅರವತ್ತು ದಿನ ನಿಮ್ಮ ಹಣ ಬೇರೆಯವರ ಕೈಯಲ್ಲಿ. ದಿನಕ್ಕೆ 20 ಚೀಲ, 60ರ ಅಸಲು, ದಿನಕ್ಕೆ 1,200. ಅರವತ್ತು ದಿನಕ್ಕೆ 72,000. ವ್ಯಾಪಾರ ಎರಡರಷ್ಟಾದರೆ 1,44,000. ಮಾರಾಟ ಏರಿದ ಖುಷಿಯಲ್ಲೇ ಇನ್ನೊಂದು 72,000 ಎಲ್ಲಿಂದ ತರುವುದು ಎಂಬ ಪ್ರಶ್ನೆ ಬಾಗಿಲಿಗೆ ಬರುತ್ತದೆ.

ಈ ದಿನಗಳನ್ನು ಕಡಿಮೆ ಮಾಡುವುದು ಮಾರಾಟ ಹೆಚ್ಚಿಸುವಷ್ಟೇ ದೊಡ್ಡ ಕೆಲಸ. ಬಟ್ಟೆಯನ್ನು ತಿಂಗಳಿಗೊಮ್ಮೆ ಬದಲು ಹತ್ತು ದಿನಕ್ಕೊಮ್ಮೆ ತನ್ನಿ. ಸಗಟಿನಲ್ಲಿ ಸಿಗುತ್ತಿದ್ದ ಸಣ್ಣ ರಿಯಾಯಿತಿ ತಪ್ಪಿದರೂ ಮೊದಲ ವರ್ಷ ಚಿಂತೆಯಿಲ್ಲ. ಯಾವ ಬಣ್ಣ ಓಡುತ್ತದೆಂದು ಗೊತ್ತಿಲ್ಲದೆ ತಂದ ರಾಶಿ ಬಟ್ಟೆಯಲ್ಲಿ ಉಳಿದುಹೋಗುವುದು ಆ ರಿಯಾಯಿತಿಗಿಂತ ಹೆಚ್ಚು. ಆರ್ಡರಿಗೆ ಹೊಲಿಯುವುದಾದರೆ ಅರ್ಧ ಮುಂಗಡ ತೆಗೆದುಕೊಳ್ಳಿ. ದಾಸ್ತಾನು 10 ದಿನಕ್ಕೆ, ಉದ್ರಿ ಸರಾಸರಿ 20 ದಿನಕ್ಕೆ ಇಳಿದರೆ ಎರಡೂ ಕೂಡಿ 30, ಅದರಲ್ಲಿ 15 ಕಳೆದರೆ 15 ದಿನ, ಸಿಕ್ಕಿಕೊಳ್ಳುವ ಹಣ 18,000. ವ್ಯಾಪಾರ ಅದೇ, ಬೇಕಾಗುವ ಬಂಡವಾಳ ಕಾಲು ಭಾಗ.

ಮಾಲು ಕೊಡುವವರು "10 ದಿನದಲ್ಲಿ ಕೊಟ್ಟರೆ ಶೇ. 2 ಬಿಡುತ್ತೇವೆ, ಇಲ್ಲವಾದರೆ 30 ದಿನಕ್ಕೆ ಪೂರ್ತಿ" ಎಂದರೆ ಎರಡು ಅಲ್ಲವೇ ಎಂದು ಕಡೆಗಣಿಸಬೇಡಿ. ಆ 20 ದಿನ ತಡ ಮಾಡುವುದಕ್ಕೆ ನೀವು ಕಟ್ಟುವ ಬಡ್ಡಿ ವರ್ಷದ ಲೆಕ್ಕದಲ್ಲಿ ಸುಮಾರು ಶೇ. 37. ಕೈಯಲ್ಲಿ ಹಣ ಇದ್ದರೆ ಹತ್ತನೆಯ ದಿನ ಕೊಟ್ಟುಬಿಡಿ.

ದೊಡ್ಡ ಆರ್ಡರು ಬಂದಾಗ ಇನ್ನೂ ಎಚ್ಚರ ಬೇಕು. 1,000 ಚೀಲ, 60 ದಿನ ಉದ್ರಿ. ಹೊಲಿಯುವುದಕ್ಕೇ 54,000 ಮೊದಲು ಬೇಕು. ಹೊಲಿದು ಮುಗಿಸುವ ದಿನಗಳು, ಆಮೇಲೆ ಕಾಯುವ ಎರಡು ತಿಂಗಳು, ಅಷ್ಟೂ ಕಾಲ ತಿಂಗಳಿಗೆ 20,000 ಹೋಗುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ಸಣ್ಣ ಗಿರಾಕಿಗಳಿಗೆ ಮಾಲು ಇಲ್ಲ ಎಂದಿರುತ್ತೀರಿ. ಮುಂಗಡವಾಗಿ ಕಚ್ಚಾ ಮಾಲಿನ ಹಣವನ್ನಾದರೂ ಕೊಡಿ, 250ರಂತೆ ನಾಲ್ಕು ಕಂತಿನಲ್ಲಿ ಮಾಲು ಕಳಿಸುತ್ತೇನೆ, ಪ್ರತಿ ಕಂತಿನ ಹಣ ಬಂದ ಮೇಲೆ ಮುಂದಿನದು ಎಂದು ಕೇಳಿ. ಒಪ್ಪದಿದ್ದರೆ ಆರ್ಡರು ಬಿಡುವುದೇ ಮೇಲು. ಇದನ್ನು ಹೇಳುವುದು ಸುಲಭ, ಬಿಡುವುದು ಕಷ್ಟ ಎಂದು ಗೊತ್ತು. ಹಾಗೆಂದೇ ಲೆಕ್ಕವನ್ನು ಕಾಗದದ ಮೇಲೆ ಹಾಕಿ, ಆರ್ಡರು ಕೊಟ್ಟವರ ಮುಂದೆ ಕೂತಾಗ ತಲೆಯಲ್ಲಿ ಹಾಕಬೇಡಿ.

ಮುಂದಿನ 13 ವಾರದ ನಗದು ಪಟ್ಟಿ ಇಟ್ಟುಕೊಳ್ಳಿ. 13 ವಾರ ಅಂದರೆ ಮೂರು ತಿಂಗಳು. ಅಡ್ಡಕ್ಕೆ ವಾರಗಳು. ಉದ್ದಕ್ಕೆ ವಾರದ ಆರಂಭದ ನಗದು, ಬರುವ ಹಣ, ಹೋಗುವ ಹಣ, ಕೊನೆಗೆ ಉಳಿಯುವುದು. ಬರುವ ಹಣವನ್ನು ಬಿಲ್ಲಿನ ತಾರೀಖಿಗೆ ಬರೆಯಬೇಡಿ, ಆ ಗಿರಾಕಿ ನಿಜವಾಗಿ ಕೊಡುವ ಅಭ್ಯಾಸದ ತಾರೀಖಿಗೆ ಬರೆಯಿರಿ. ಹೋಗುವ ಹಣದಲ್ಲಿ ತೆರಿಗೆ, ವಿಮೆ, ವರ್ಷಕ್ಕೊಮ್ಮೆ ಬರುವ ನವೀಕರಣ ಇವು ಮರೆತುಹೋಗುವಂಥವು. ಒಂಬತ್ತನೆಯ ವಾರ ಸೊನ್ನೆಗಿಂತ ಕೆಳಗೆ ಹೋಗುತ್ತದೆಂದು ಇಂದೇ ಕಂಡರೆ ಸರಿಪಡಿಸಲು ಎಂಟು ವಾರ ಸಿಗುತ್ತದೆ. ಪ್ರತಿ ವಾರ ಒಂದು ವಾರ ಅಳಿಸಿ, ಕೊನೆಗೆ ಒಂದು ವಾರ ಸೇರಿಸಿ.

ಆರಂಭಕ್ಕೆ ಒಟ್ಟು ಎಷ್ಟು ಬೇಕು? ಒಂದು ಸಲದ ಖರ್ಚು, ಆರು ತಿಂಗಳ ಸ್ಥಿರ ಖರ್ಚು, ಉದ್ರಿ-ದಾಸ್ತಾನಿನಲ್ಲಿ ಸಿಕ್ಕಿಕೊಳ್ಳುವ ಹಣ, ಮೂರನ್ನೂ ಕೂಡಿ. ನಮ್ಮ ಉದಾಹರಣೆಯಲ್ಲಿ 40,000, 1,20,000, 18,000, ಒಟ್ಟು 1,78,000. ಆರು ತಿಂಗಳು ಹೆಚ್ಚಾಯಿತು ಅನ್ನಿಸಬಹುದು. ಮೊದಲ ತಿಂಗಳುಗಳಲ್ಲಿ ನೀವು ಎಣಿಸಿದ ಮಾರಾಟದ ಅರ್ಧವೇ ಆಗುತ್ತದೆಂದು ಲೆಕ್ಕ ಹಾಕಿ ನೋಡಿದರೆ ಹೆಚ್ಚಲ್ಲ ಎಂದು ತಿಳಿಯುತ್ತದೆ.

ಗಲ್ಲಾ ಮತ್ತು ಪುಸ್ತಕ

ಮೊದಲ ದಿನವೇ ವ್ಯಾಪಾರಕ್ಕೆ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಮನೆಯ ಖರ್ಚು ಆ ಖಾತೆಯಿಂದ ಹೋಗಬಾರದು. ನಿಮ್ಮ ಸಂಬಳವನ್ನು ತಿಂಗಳ ಒಂದು ನಿಗದಿತ ದಿನ ನಿಮ್ಮ ಖಾತೆಗೆ ವರ್ಗಾಯಿಸಿ, ಉಳಿದದ್ದನ್ನು ಮುಟ್ಟಬೇಡಿ. ಗಿರಾಕಿಯಿಂದ ತೆರಿಗೆಯೆಂದು ವಸೂಲು ಮಾಡಿದ ಹಣ ನಿಮ್ಮದಲ್ಲ. ಅದನ್ನು ಬಂದ ವಾರವೇ ಇನ್ನೊಂದು ಖಾತೆಗೆ ಹಾಕಿ. ಕಟ್ಟುವ ದಿನ ಹುಡುಕಾಡುವ ಸ್ಥಿತಿ ಬರುವುದು ಅದನ್ನು ಸ್ವಂತ ಹಣದೊಂದಿಗೆ ಕಲಸಿದ್ದರಿಂದಲೇ.

ದಿನದ ಪುಸ್ತಕಕ್ಕೆ ಹತ್ತು ನಿಮಿಷ ಸಾಕು. ಒಂದು ದಿನದ ಪುಟ ಹೀಗಿರುತ್ತದೆ. ಬೆಳಿಗ್ಗೆ ಗಲ್ಲಾದಲ್ಲಿ 1,500. ನಗದು ಮಾರಾಟ 8 ಚೀಲ, 800. ಬ್ಯಾಂಕಿಗೆ ನೇರ ಬಂದದ್ದು 5 ಚೀಲ, 500. ಉದ್ರಿ 4 ಚೀಲ, 400, ಯಾರಿಗೆ ಮತ್ತು ಎಂದು ಕೊಡುತ್ತಾರೆ ಎಂಬ ವಿವರದೊಂದಿಗೆ. ಹಳೆ ಬಾಕಿ ವಸೂಲಿ ನಗದು 300. ದಾರಕ್ಕೆ 120, ಸಾಗಣೆಗೆ 80. ಬ್ಯಾಂಕಿಗೆ ಕಟ್ಟಿದ್ದು 1,000. ರಾತ್ರಿ ಗಲ್ಲಾದಲ್ಲಿ ಇರಬೇಕಾದದ್ದು 1,400. ಎಣಿಸಿದಾಗ 1,350 ಇದೆ. ಈ 50ರ ವ್ಯತ್ಯಾಸವನ್ನು ಅಂದೇ ಬರೆಯಿರಿ, ಜೇಬಿನಿಂದ ಹಾಕಿ ಸರಿ ಮಾಡಬೇಡಿ. ಜೇಬಿನಿಂದ ಹಾಕಿದರೆ ಚಿಲ್ಲರೆ ತಪ್ಪಿತೋ, ಖರ್ಚು ಬರೆಯುವುದು ಮರೆಯಿತೋ, ಯಾರಾದರೂ ತೆಗೆಯುತ್ತಿದ್ದಾರೋ ಎಂದೂ ತಿಳಿಯುವುದಿಲ್ಲ. ತಿಂಗಳಲ್ಲಿ ಐದಾರು ಸಲ ಒಂದೇ ಬಗೆಯ ವ್ಯತ್ಯಾಸ ಕಂಡರೆ ಕಾರಣ ತಾನಾಗಿ ಹೊರಬೀಳುತ್ತದೆ.

ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ ಜೋಡಿ ನಮೂದಿನ ಪದ್ಧತಿಯನ್ನು ಗಣಿತಜ್ಞ ಲೂಕಾ ಪಚೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಿನಲ್ಲಿ ವಿವರಿಸಿದರು. ಅದಕ್ಕೂ ಮೊದಲೇ ಇಟಲಿಯ ವರ್ತಕರು ಅದನ್ನು ಬಳಸುತ್ತಿದ್ದರು. ಇವತ್ತಿನ ಲೆಕ್ಕದ ಸಾಫ್ಟ್‌ವೇರುಗಳು ಒಳಗೆ ಮಾಡುವುದೂ ಅದನ್ನೇ. ನೀವು ಸಾಫ್ಟ್‌ವೇರ್ ಬಳಸಿ, ಚಿಂತೆಯಿಲ್ಲ, ಆದರೆ ಮೊದಲ ಎರಡು ತಿಂಗಳು ಕೈಯಲ್ಲೂ ಬರೆಯಿರಿ. ಕೈಯಲ್ಲಿ ಬರೆದವರಿಗೆ ಯಾವ ಅಂಕಿ ಎಲ್ಲಿಂದ ಬಂತೆಂದು ಗೊತ್ತಿರುತ್ತದೆ.

ಉದ್ರಿ ವಸೂಲಿ

ವಸೂಲಿ ಶುರುವಾಗಬೇಕಾದದ್ದು ಮಾಲು ಕೊಡುವ ದಿನ. ಬಿಲ್ಲಿನ ಮೇಲೆ "30 ದಿನ" ಎಂದು ಬರೆಯದೆ ಹಣ ಕೊಡಬೇಕಾದ ತಾರೀಖನ್ನೇ ಬರೆಯಿರಿ. ತಲುಪಿದ ಮಾಲಿಗೆ ಸಹಿ ಹಾಕಿಸಿಕೊಳ್ಳಿ. ತಾರೀಖಿಗೆ ಮೂರು ದಿನ ಮುಂಚೆ ಫೋನು ಮಾಡಿ: "ಸರ್, ಸೋಮವಾರ ಬಿಲ್ಲಿನ ತಾರೀಖು. ಬಿಲ್ಲಿನಲ್ಲಿ ಏನಾದರೂ ಸರಿಯಿಲ್ಲದ್ದು ಇದೆಯಾ?" ಬಿಲ್ಲು ಸಿಕ್ಕಿಲ್ಲ, ಎರಡು ಚೀಲ ಕಡಿಮೆ ಬಂದಿದೆ ಎಂಬ ನೆಪಗಳು ಆಗಲೇ ಹೊರಬಂದು ಬಗೆಹರಿಯುತ್ತವೆ. ತಾರೀಖು ದಾಟಿದ ಮರುದಿನ ಮತ್ತೆ ಫೋನು. ಆಗ "ಯಾವಾಗ ಕೊಡ್ತೀರಿ?" ಎನ್ನುವುದಕ್ಕಿಂತ "ಗುರುವಾರ ಕಳಿಸ್ತೀರಾ, ಶುಕ್ರವಾರ ಕಳಿಸ್ತೀರಾ?" ಎಂದು ಕೇಳಿ, ಹೇಳಿದ ದಿನವನ್ನು ಮೆಸೇಜಿನಲ್ಲಿ ಬರೆದು ಕಳಿಸಿ. ಹದಿನೈದು ದಿನ ದಾಟಿದರೆ ಹೊಸ ಮಾಲು ನಿಲ್ಲಿಸಿ. ಹಳೆ ಬಾಕಿ ಬರಲೆಂದು ಹೊಸ ಉದ್ರಿ ಕೊಡುವವರ ಬಾಕಿ ಬೆಳೆಯುತ್ತಲೇ ಹೋಗುತ್ತದೆ.

ಒಬ್ಬರೇ ಗಿರಾಕಿ ನಿಮ್ಮ ಮಾರಾಟದ ಕಾಲು ಭಾಗ ದಾಟಿದರೆ ಅವರಿಗೆ ಕೃತಜ್ಞರಾಗಿರಿ, ಜೊತೆಗೆ ಮರುದಿನದಿಂದಲೇ ಬೇರೆ ಗಿರಾಕಿ ಹುಡುಕಿ.

ಸಾಲ, ಪಾಲುದಾರರು, ಹೊಣೆ

ಸಾಲದ ಬಡ್ಡಿ ಕೇಳಿದಾಗ ಅದು ಫ್ಲಾಟ್ ದರವೋ, ಇಳಿಯುವ ಬಾಕಿಯ ಮೇಲಿನ ದರವೋ ಎಂದು ಕೇಳಿ. 12,000 ಸಾಲ, ಶೇ. 12 ಫ್ಲಾಟ್, ಹನ್ನೆರಡು ಕಂತು ಎಂದರೆ ಬಡ್ಡಿ 1,440, ತಿಂಗಳ ಕಂತು 1,120. ಆರನೆಯ ತಿಂಗಳ ಹೊತ್ತಿಗೆ ಅಸಲಿನ ಅರ್ಧದಷ್ಟು ತೀರಿಸಿದ್ದರೂ ಪೂರ್ತಿ 12,000ಕ್ಕೆ ಬಡ್ಡಿ ಕಟ್ಟುತ್ತಿರುತ್ತೀರಿ. ಇಳಿಯುವ ಬಾಕಿಯ ಲೆಕ್ಕದಲ್ಲಿ ಇದು ವರ್ಷಕ್ಕೆ ಸುಮಾರು ಶೇ. 21.5. ಯಂತ್ರದಂಥ ಬಾಳಿಕೆ ಬರುವ ವಸ್ತುವಿಗೆ ಸಾಲ ಮಾಡಬಹುದು, ಅದು ಕಂತು ದುಡಿದುಕೊಡುತ್ತದೆ. ಬಾಡಿಗೆಗೆ, ಸಂಬಳಕ್ಕೆ ಸಾಲ ಎತ್ತುವ ದಿನ ಬಂದರೆ ಲೆಕ್ಕದ ರಚನೆಯನ್ನು ಮೊದಲು ನೋಡಿ.

ಒಬ್ಬರೇ ಮಾಲೀಕರಾಗಿ ನಡೆಸಿದರೆ ವ್ಯಾಪಾರದ ಸಾಲ ನಿಮ್ಮ ಸ್ವಂತ ಸಾಲ. ಸಾಮಾನ್ಯ ಪಾಲುದಾರಿಕೆಯಲ್ಲಿ ಇನ್ನೊಬ್ಬ ಪಾಲುದಾರರು ವ್ಯಾಪಾರದ ಹೆಸರಿನಲ್ಲಿ ಮಾಡಿದ ಸಾಲಕ್ಕೂ ನಿಮ್ಮ ಆಸ್ತಿ ಹೊಣೆ. ಸೀಮಿತ ಹೊಣೆಯ ಕಂಪನಿ ವ್ಯಾಪಾರದ ಸಾಲವನ್ನೂ ನಿಮ್ಮ ಸ್ವಂತ ಆಸ್ತಿಯನ್ನೂ ಬೇರ್ಪಡಿಸುತ್ತದೆ, ಆದರೆ ಸಾಲ ಕೊಡುವವರು ನಿಮ್ಮಿಂದ ವೈಯಕ್ತಿಕ ಜಾಮೀನು ಬರೆಸಿಕೊಂಡರೆ ಆ ರಕ್ಷಣೆ ಆ ಸಾಲಕ್ಕೆ ಇರುವುದಿಲ್ಲ. ನಿಯಮಗಳು ದೇಶ ದೇಶಕ್ಕೆ ಬೇರೆ. ಸಹಿ ಹಾಕುವ ಮುಂಚೆ ನೀವಿರುವ ಕಡೆಯ ಲೆಕ್ಕಪರಿಶೋಧಕರಿಗೆ ಒಂದು ಗಂಟೆಯ ಫೀ ಕೊಟ್ಟು ಕೇಳಿಕೊಳ್ಳಿ.

ಗೆಳೆಯರೊಂದಿಗೆ ಪಾಲುದಾರಿಕೆ ಮಾಡುವುದಾದರೆ ಗೆಳೆತನ ಚೆನ್ನಾಗಿರುವಾಗಲೇ ಬರೆದುಕೊಳ್ಳಿ. ಯಾರು ಎಷ್ಟು ಹಣ ಹಾಕಿದರು, ಅದು ಸಾಲವೋ ಬಂಡವಾಳವೋ, ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು, ಎಷ್ಟು ಮೊತ್ತದ ಮೇಲಿನ ಖರ್ಚಿಗೆ ಇಬ್ಬರ ಒಪ್ಪಿಗೆ ಬೇಕು, ಒಮ್ಮತ ಬಾರದಿದ್ದರೆ ಯಾರ ಮಾತು ಕೊನೆ, ಒಬ್ಬರು ಬಿಟ್ಟರೆ ಅಥವಾ ತೀರಿಕೊಂಡರೆ ಪಾಲಿಗೆ ಬೆಲೆ ಕಟ್ಟುವುದು ಹೇಗೆ. ಪಾಲನ್ನು ಮೊದಲ ದಿನವೇ ಪೂರ್ತಿ ಕೊಟ್ಟುಬಿಡಬೇಡಿ. ನಾಲ್ಕು ವರ್ಷದಲ್ಲಿ ತಿಂಗಳು ತಿಂಗಳು ಗಳಿಸಿಕೊಳ್ಳುವುದು, ಮೊದಲ ವರ್ಷ ತುಂಬುವ ಮುಂಚೆ ಬಿಟ್ಟರೆ ಏನೂ ಇಲ್ಲ ಎಂಬ ಪದ್ಧತಿ ಹೊಸ ಕಂಪನಿಗಳಲ್ಲಿ ರೂಢಿಯಲ್ಲಿದೆ. ಅರ್ಧ ಪಾಲಿನವರು 18 ತಿಂಗಳಿಗೆ ಬಿಟ್ಟುಹೋದರೆ ಅವರ ಕೈಗೆ ಹೋಗುವುದು ಶೇ. 18.75. ಉಳಿದದ್ದು ಇನ್ನೂ ದುಡಿಯುತ್ತಿರುವವರ ಬಳಿ ಇರುತ್ತದೆ. ಈ ಮಾತು ಎತ್ತಿದರೆ ಗೆಳೆಯ ಬೇಜಾರು ಮಾಡಿಕೊಳ್ಳುತ್ತಾನೇನೋ ಎಂದು ಅಳುಕುವವರು ಇದ್ದಾರೆ. ಈಗ ಆಗುವ ಬೇಜಾರು ಒಂದು ಸಂಜೆಯದು.

ನಿಲ್ಲಿಸುವ ಗೆರೆ

ಶುರು ಮಾಡುವ ಮುಂಚೆಯೇ ಎರಡು ಅಂಕಿ ಬರೆದು, ನಂಬಿಕೆಯ ಒಬ್ಬರ ಕೈಗೆ ಒಂದು ಪ್ರತಿ ಕೊಡಿ: ಎಷ್ಟು ಹಣ ಹೋದರೆ ನಿಲ್ಲಿಸುತ್ತೇನೆ, ಯಾವ ತಾರೀಖಿಗೆ ತಿಂಗಳ ಮಾರಾಟ ಎಷ್ಟು ತಲುಪದಿದ್ದರೆ ನಿಲ್ಲಿಸುತ್ತೇನೆ. ವ್ಯಾಪಾರದ ಒಳಗಿರುವಾಗ ಇನ್ನೊಂದು ತಿಂಗಳು ನೋಡೋಣ ಎಂದೇ ಅನ್ನಿಸುತ್ತದೆ, ಅದಕ್ಕೆ ಕೊನೆಯಿಲ್ಲ. ಗೆರೆ ಮುಟ್ಟಿದಾಗ ಮುಚ್ಚಲೇಬೇಕೆಂದಿಲ್ಲ. ಆ ವಾರ ಕೂತು, ಈ ಲೆಕ್ಕಗಳನ್ನು ಇಂದಿನ ನಿಜವಾದ ಅಂಕಿಗಳಿಂದ ಮತ್ತೆ ಹಾಕಿ, ಆ ನಂಬಿಕೆಯವರ ಮುಂದೆ ಇಟ್ಟು ತೀರ್ಮಾನ ಮಾಡಿ.

ಮುಚ್ಚುವುದೇ ಸರಿ ಎಂದಾದರೆ ಕೈಯಲ್ಲಿ ಇನ್ನೂ ಹಣ ಇರುವಾಗ ಮುಚ್ಚಿ. ಹೊಸ ಮುಂಗಡ ತೆಗೆದುಕೊಳ್ಳುವುದನ್ನು ಅಂದೇ ನಿಲ್ಲಿಸಿ. ದುಡಿದವರ ಕೂಲಿ, ಗಿರಾಕಿಗಳ ಮುಂಗಡ, ತೆರಿಗೆ, ಮಾಲು ಕೊಟ್ಟವರ ಬಾಕಿ ಇವನ್ನು ಪಟ್ಟಿ ಮಾಡಿ, ಯಾರಿಗೆ ಯಾವಾಗ ಎಷ್ಟು ಎಂದು ನೀವಾಗಿಯೇ ಫೋನು ಮಾಡಿ ತಿಳಿಸಿ. ಕೂಲಿ ಮೊದಲು ಹೋಗಲಿ. ಯಂತ್ರವನ್ನು ಓಡುತ್ತಿರುವ ಸ್ಥಿತಿಯಲ್ಲಿ ಮಾರಿದರೆ ಬೆಲೆ ಹೆಚ್ಚು ಬರುತ್ತದೆ, ಮೂಲೆಗೆ ತಳ್ಳಿ ತುಕ್ಕು ಹಿಡಿಸಬೇಡಿ. ನೋಂದಣಿ, ತೆರಿಗೆ ಖಾತೆ, ಬಾಡಿಗೆ ಕರಾರು, ಕರೆಂಟು ಇವನ್ನು ಬರಹದಲ್ಲಿ ರದ್ದು ಮಾಡಿಸಿ, ರದ್ದಾದ ಕಾಗದ ಪಡೆಯಿರಿ; ಹಾಗೆ ಬಿಟ್ಟರೆ ದಂಡ ಏರುತ್ತಾ ಹೋಗುತ್ತದೆ. ಲೆಕ್ಕದ ಪುಸ್ತಕಗಳನ್ನು ಮತ್ತು ಬಿಲ್ಲುಗಳನ್ನು ನಿಮ್ಮ ಕಾನೂನು ಹೇಳುವಷ್ಟು ವರ್ಷ ಜೋಪಾನವಾಗಿ ಇಡಿ. ಗಿರಾಕಿಗಳ ಜೊತೆ ಮಾತನಾಡಿ ಬರೆದ ಆ ಮೊದಲ ಟಿಪ್ಪಣಿಯ ಪುಸ್ತಕವನ್ನೂ ಅವುಗಳ ಜೊತೆಗೆ ಕಟ್ಟಿಡಿ.